ಕೊನೆಯ ಬೈಕ್ ಎಲ್ಲಿದೆ?

ಮಳೆ ನಿಂತಿದೆ. ಎರಡು ವಾರದಿಂದ ಬೈಕ್ ಸ್ಟ್ಯಾಂಡಿನಲ್ಲಿ ಒಂದೇ ಮಾತು, ಈ ಸಲ ರೈಡ್ ಎಲ್ಲಿಗೆ? ನಮ್ಮ ಕ್ಯಾಂಪಸ್ ಬೈಕ್ ಬಳಗದ ಮುಂದೆ ಈಗ ಎರಡು ಪ್ಲ್ಯಾನ್ ಇವೆ. ಮೊದಲನೆಯದು: ಹಾಸನದಿಂದ ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋದು, ಶಿರಾಡಿ ಹತ್ತಿ ಸಕಲೇಶಪುರದ ಮೇಲೆ ಅದೇ ರಾತ್ರಿ ವಾಪಸ್ ಬರೋದು. ಒಂದೇ ದಿನ, ಎರಡು ಘಾಟಿ, ಇನ್ನೂರು ಕಿ.ಮೀ. ಮೇಲೆ. ಎರಡನೆಯದು: ಮಂಜರಾಬಾದ್ ಕೋಟೆ ನೋಡಿಕೊಂಡು ಮಧ್ಯಾಹ್ನದ ಊಟಕ್ಕೆ ಹಾಸ್ಟೆಲ್. ಮೊದಲನೆಯದಕ್ಕೆ ಗ್ರೂಪಿನಲ್ಲಿ ಬೆಂಕಿ ಇಮೋಜಿಗಳ ಸುರಿಮಳೆ. ಎರಡನೆಯದಕ್ಕೆ ಯಾರೋ "ಅಜ್ಜಿ ರೈಡ್" ಅಂತ ಹೆಸರಿಟ್ಟಿದ್ದಾರೆ.

ನಾವು ಅಜ್ಜಿ ರೈಡ್ ಪರ. ಯಾಕೆ ಅಂತ ಹೇಳೋಕೇ ಈ ಬರಹ. ಶನಿವಾರ ವೋಟ್ ಹಾಕೋ ಮುಂಚೆ ಓದಿ.

ನಮ್ಮ ಶರತ್ಕಾಲ ಇಂಗ್ಲಿಷ್ ಸಿನಿಮಾದ ಹಾಗೆ ಕೆಂಪು ಎಲೆ ಉದುರೋ ಕಾಲ ಅಲ್ಲ. ಆಶ್ವಯುಜ, ಕಾರ್ತಿಕ ಅಂದರೆ ಕೆರೆ ತುಂಬಿರುತ್ತದೆ, ಗುಡ್ಡ ಹಸಿರಾಗಿರುತ್ತದೆ, ಆಕಾಶ ತೊಳೆದಿಟ್ಟ ಹಾಗಿರುತ್ತದೆ. ದಸರಾ, ಹಾಸನಾಂಬೆಯ ಬಾಗಿಲು ತೆಗೆಯೋದು, ದೀಪಾವಳಿ ಎಲ್ಲ ಸಾಲಾಗಿ ಬರುತ್ತವೆ. ಬೈಕ್ ಇರೋರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಆದರೆ ಆಕಾಶ ತಿಳಿಯಾದಷ್ಟು ಬೇಗ ರಸ್ತೆ ಸರಿಯಾಗಲ್ಲ. ನಾಲ್ಕು ತಿಂಗಳು ನೀರು ಕುಡಿದ ಘಾಟಿ ರಸ್ತೆಯಲ್ಲಿ, ಮರದ ನೆರಳು ಬೀಳೋ ತಿರುವುಗಳಲ್ಲಿ ಪಾಚಿ ಇನ್ನೂ ಕೂತಿರುತ್ತದೆ. ಗುಂಡಿಗೆ ತುಂಬಿದ ಜಲ್ಲಿ ಚೆಲ್ಲಾಡಿರುತ್ತದೆ. ಬಿಸಿಲು ನೋಡಿ ರಸ್ತೆಯೂ ಒಣಗಿದೆ ಅಂದುಕೊಂಡವರೇ ಜಾಸ್ತಿ ಜಾರೋದು.

ಇದನ್ನು ಲೆಕ್ಕ ಹಾಕೋದು ನಮಗೇನು ಕಷ್ಟ ಅಲ್ಲ, ಫಸ್ಟ್ ಸೆಮ್ ಮೆಕ್ಯಾನಿಕ್ಸ್ ಸಾಕು. ಸಮತಟ್ಟಾದ ತಿರುವಿನಲ್ಲಿ ಟೈರ್ ಹಿಡಿದುಕೊಳ್ಳಬಲ್ಲ ಗರಿಷ್ಠ ವೇಗದ ವರ್ಗ ಅಂದರೆ ಘರ್ಷಣಾಂಕ, ಗುರುತ್ವ, ತಿರುವಿನ ತ್ರಿಜ್ಯ ಈ ಮೂರರ ಗುಣಲಬ್ಧ. ತ್ರಿಜ್ಯ 20 ಮೀಟರ್ ಇರಲಿ. ಒಣ ಟಾರಿಗೆ ಘರ್ಷಣಾಂಕ 0.7 ಹಿಡಿದರೆ ಗಂಟೆಗೆ 42 ಕಿ.ಮೀ. ಬರುತ್ತದೆ. ಅದೇ ತಿರುವಿನಲ್ಲಿ ಪಾಚಿ ಇದ್ದು ಅದು 0.3ಕ್ಕೆ ಇಳಿದರೆ 28 ಕಿ.ಮೀ. ನೀವು 38ರಲ್ಲಿ ಹೋಗ್ತಾ ಇದ್ದರೆ ಒಂದು ತಿರುವು ಆರಾಮ, ಮುಂದಿನದು ಆಸ್ಪತ್ರೆ. ಸ್ಪೀಡೋಮೀಟರಿನಲ್ಲಿ ಮಾತ್ರ ಏನೂ ಬದಲಾಗಿರಲ್ಲ.

ಬಯಲು ಸೀಮೆ ಕಡೆಗೆ ಹೋದರೆ ಬೇರೆ ಕಥೆ. ಅಕ್ಟೋಬರ್, ನವೆಂಬರ್‌ನಲ್ಲಿ ಮುಸುಕಿನ ಜೋಳ ಕಿತ್ತು ಅರ್ಧ ರಸ್ತೆಗೆ ಹರಡಿರುತ್ತಾರೆ. ವಾಹನ ಹತ್ತದಿರಲಿ ಅಂತ ಸುತ್ತ ಕಲ್ಲು ಜೋಡಿಸಿರುತ್ತಾರೆ, ರಾತ್ರಿ ಮೇಲೆ ಕಪ್ಪು ಟಾರ್ಪಾಲು. ಕಪ್ಪು ರಸ್ತೆ, ಕಪ್ಪು ಟಾರ್ಪಾಲು, ತಲೆಗಾತ್ರದ ಕಲ್ಲು. ಅದಾದ ಮೇಲೆ ಹುರುಳಿ, ರಾಗಿ ಒಕ್ಕಣೆ ಶುರು. ಹುಲ್ಲಿನ ಮೇಲೆ ನಮ್ಮ ಚಕ್ರ ಓಡಿದರೇ ಅವರ ಕೆಲಸ ಆಗೋದು. ಹುಲ್ಲು ಚೈನಿಗೆ ಸುತ್ತಿಕೊಳ್ಳುತ್ತದೆ, ಅದರ ಮೇಲೆ ಬ್ರೇಕ್ ಒತ್ತಿದರೆ ಬೈಕ್ ಐಸ್ ಮೇಲೆ ಇದ್ದ ಹಾಗೆ. ಅಲ್ಲಿ ಕೂತ ಅಜ್ಜಿಗೆ ಬೈದು ಹೋಗೋ ಗಂಡುಗಲಿಗಳನ್ನು ನಾವು ನೋಡಿದ್ದೇವೆ. ನಮ್ಮಲ್ಲಿ ಅರ್ಧ ಜನರ ಮನೆಯಲ್ಲೂ ಹೊಲ ಇದೆ, ಕಣ ಮಾಡೋಕೆ ಜಾಗ ಇಲ್ಲ, ಸಗಣಿ ಸಾರಿಸೋಕೆ ಆಳಿಲ್ಲ ಅನ್ನೋದು ಗೊತ್ತು. ರಸ್ತೆಯಲ್ಲಿ ಒಕ್ಕಣೆ ತಪ್ಪೇ ಇರಬಹುದು, ಅದಕ್ಕೆ ಪಂಚಾಯಿತಿ ಕಣ ಕಟ್ಟಿಸಿಕೊಡಲಿ. ಅಲ್ಲೀವರೆಗೆ ನಾವು ನಿಧಾನಿಸಿ, ನೇರವಾಗಿ, ಬ್ರೇಕ್ ಮುಟ್ಟದೆ ದಾಟೋದು. ಕತ್ತಲಾದ ಮೇಲಂತೂ ಆ ರಸ್ತೆಯೇ ಬೇಡ. ನವೆಂಬರ್‌ನಲ್ಲಿ ಆರು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಎರಡು ಘಾಟಿ ಸುತ್ತಿ ಬರೋರು ಸಕಲೇಶಪುರ ಮುಟ್ಟೋ ಹೊತ್ತಿಗೆ ಎಷ್ಟು ಗಂಟೆ ಆಗಿರುತ್ತೆ? ನೀವೇ ಹೇಳಿ.

ಇಷ್ಟಾದರೂ ನಮ್ಮ ಮುಖ್ಯ ತಕರಾರು ರಸ್ತೆಯ ಮೇಲಲ್ಲ. ಹದಿನೈದು ಬೈಕ್ ಒಟ್ಟಿಗೆ ಹೋಗೋದರ ಮೇಲೆ.

ಕಳೆದ ವರ್ಷ ಇದೇ ಸಮಯದಲ್ಲಿ ನಮ್ಮ ಹಾಸ್ಟೆಲ್ಲಿನ ಮೂರನೇ ಸೆಮ್ ಹುಡುಗನೊಬ್ಬ ಅವನ ಊರಿನ ಗೆಳೆಯರ ಜೊತೆ ಮೂಡಿಗೆರೆ ಕಡೆ ರೈಡ್ ಹೋಗಿದ್ದ. ಅಪ್ಪನ ಹಳೇ ಸ್ಪ್ಲೆಂಡರ್. ಉಳಿದವರದ್ದು 150, 200, 350 ಸಿಸಿ. ಇವನೇ ಕೊನೆ. ಕಾಫಿ ತೋಟದ ನಡುವಿನ ತಿರುವಿನಲ್ಲಿ ಜಾರಿ ಬಿದ್ದು ಭುಜದ ಮೂಳೆ ಮುರಿಯಿತು. ಮುಂದೆ ಹೋದ ಎಂಟು ಜನ ಟೀ ಅಂಗಡಿ ಹತ್ತಿರ ನಿಂತು, ಫೋಟೋ ತೆಗೆದು, ಎರಡನೇ ಟೀ ಕುಡಿದು, "ಇವನೆಲ್ಲಿ ಹೋದ?" ಅಂತ ಕೇಳಿಕೊಳ್ಳೋ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು. ಅಲ್ಲಿ ನೆಟ್‌ವರ್ಕ್ ಇರಲಿಲ್ಲ. ಅವನನ್ನು ಎತ್ತಿಕೊಂಡು ಹೋದದ್ದು ತೋಟದ ಜೀಪಿನವರು. ಅವರಿಗೆ ಪೊಲೀಸ್ ಕೇಸ್ ಭಯ ಬೇರೆ ಇತ್ತಂತೆ. ಆ ಭಯ ಬೇಡ. 2019ರ ಮೋಟಾರು ವಾಹನ ಕಾಯ್ದೆ ತಿದ್ದುಪಡಿಯಲ್ಲಿ ಬಂದ 134ಎ ಕಲಂ ಪ್ರಕಾರ ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಬರಲ್ಲ, ಹೆಸರು ವಿಳಾಸ ಕೊಡಿ ಅಂತ ಬಲವಂತ ಮಾಡೋ ಹಾಗೂ ಇಲ್ಲ. ಇದನ್ನು ನಿಮ್ಮೂರಲ್ಲೂ ಹೇಳಿ.

ಆ ಹುಡುಗನಿಗೆ ಎಲ್ಲರೂ "ನೀನ್ಯಾಕೆ ಅಷ್ಟು ಸ್ಪೀಡ್ ಹೋದೆ" ಅಂತಲೇ ಬೈದರು. ನಮ್ಮ ಪ್ರಕಾರ ಪ್ರಶ್ನೆಯೇ ತಪ್ಪು. ಅವನು ಸ್ಪೀಡ್ ಹೋಗೋ ಹಾಗೆ ಮಾಡಿದ್ದು ಸಾಲು.

ಹೇಗೆ ಅಂತ ನೋಡಿ. ಹನ್ನೆರಡು ಬೈಕ್, ಗಂಟೆಗೆ 60 ಕಿ.ಮೀ., ಒಬ್ಬೊಬ್ಬರ ನಡುವೆ ಎರಡು ಸೆಕೆಂಡ್ ಅಂತರ. ಅಂದರೆ ಮೊದಲನೆಯವನಿಗೂ ಕೊನೆಯವನಿಗೂ 22 ಸೆಕೆಂಡ್, ಮುನ್ನೂರ ಅರವತ್ತು ಮೀಟರ್ ಚಿಲ್ಲರೆ. ಊರೊಂದು ಬಂತು, ಹಂಪ್ ಬಂತು. ಮುಂದಿನವನು ನಿಧಾನ ಮಾಡಿ, ದಾಟಿ, ಮತ್ತೆ 60ಕ್ಕೆ ಏರಿಸಿದ. ಆ ಹೊತ್ತಿಗೆ ಕೊನೆಯವನು ಇನ್ನೂ ಹಂಪಿನ ಈಚೆ ಬ್ರೇಕ್ ಹಿಡಿದಿದ್ದಾನೆ. ಅವನು ದಾಟಿ ತಲೆ ಎತ್ತಿ ನೋಡಿದರೆ ಮುಂದೆ ಯಾರೂ ಇಲ್ಲ. ಮತ್ತೆ ಸೇರಿಕೊಳ್ಳಬೇಕು ಅಂದರೆ 60 ಸಾಲಲ್ಲ, 75 ಬೇಕು. ಪ್ರತಿ ಹಂಪಿಗೂ, ಪ್ರತಿ ಲಾರಿ ಓವರ್‌ಟೇಕಿಗೂ ಇದೇ. ಹಿಗ್ಗಿ ಕುಗ್ಗೋ ಹಾರ್ಮೋನಿಯಂ ತಿದಿಯ ಹಾಗೆ ಸಾಲು ಎಳೆದಾಡುತ್ತದೆ, ಎಳೆತ ಪೂರ್ತಿ ಬಾಲದ ಮೇಲೆ. ಮುಂದಿನವನು ಇಡೀ ದಿನ 60 ದಾಟದೆ "ನಾನು ಸೇಫ್ ಆಗೇ ಓಡಿಸಿದೆ ಗುರು" ಅನ್ನಬಹುದು. ನಿಜವನ್ನೇ ಹೇಳ್ತಾನೆ. ಅದೇ ರೈಡಿನಲ್ಲಿ ಕೊನೆಯವನು 80ರಲ್ಲಿ ಹೋಗಿರುತ್ತಾನೆ. ಕೊನೆಗೆ ಇರೋದು ಯಾರು? ಸಾಮಾನ್ಯವಾಗಿ ಹೊಸಬ, ಸಣ್ಣ ಬೈಕಿನವನು, ಇಲ್ಲಾ ಹಿಂದೆ ಒಬ್ಬರನ್ನು ಕೂರಿಸಿಕೊಂಡವನು. 125 ಸಿಸಿ ಮೇಲಿನ ಹೊಸ ಬೈಕ್‌ಗಳಿಗೆ 2019ರ ಏಪ್ರಿಲ್‌ನಿಂದ ಎಬಿಎಸ್ ಕಡ್ಡಾಯ. ಇವನ ಹಳೇ ಬೈಕಿನಲ್ಲಿ ಎರಡೂ ಕಡೆ ಡ್ರಮ್ ಬ್ರೇಕ್. ಅತಿ ಕಡಿಮೆ ಬ್ರೇಕ್ ಇರೋ ಬೈಕಿಗೆ ಅತಿ ಹೆಚ್ಚು ವೇಗ.

ಅದಕ್ಕೇ ನಮ್ಮ ಬಳಗ ಈ ಋತುವಿಗೆ ಒಂದು ಪದ್ಧತಿ ತರಲಿ ಅಂತ ಕೇಳ್ತಾ ಇದ್ದೇವೆ. ಐದೈದು ಬೈಕಿನ ತಂಡ, ಅದಕ್ಕಿಂತ ಜಾಸ್ತಿ ಬೇಡ. ಐದು ಬೈಕಿಗೆ ತಲೆಗೂ ಬಾಲಕ್ಕೂ ಎಂಟೇ ಸೆಕೆಂಡ್. ಪ್ರತಿ ತಂಡದ ಅತಿ ಸಣ್ಣ ಬೈಕ್ ಎರಡನೇ ಜಾಗದಲ್ಲಿ, ಲೀಡರನ ಕನ್ನಡಿಯಲ್ಲಿ ಯಾವಾಗಲೂ ಕಾಣೋ ಹಾಗೆ. ಕೊನೆಯಲ್ಲಿ ಅನುಭವಸ್ಥ, ಅವನ ಬ್ಯಾಗಿನಲ್ಲಿ ಫಸ್ಟ್ ಏಡ್. ಹಂಪ್ ದಾಟಿದ ಮೇಲೆ ಲೀಡರ್ ಹತ್ತು ಎಣಿಸೋವರೆಗೆ ವೇಗ ಏರಿಸೋ ಹಾಗಿಲ್ಲ. ತಿರುವು ತಗೊಳ್ಳೋ ಜಂಕ್ಷನ್‌ನಲ್ಲಿ ಹಿಂದಿನವನು ಕಾಣೋವರೆಗೆ ಮುಂದಿನವನು ಕಾಯಬೇಕು. ದಾರಿ ಎಲ್ಲರ ಫೋನಿನಲ್ಲೂ ಆಫ್‌ಲೈನ್ ಇರಲಿ, ಹಿಂದೆ ಬಿದ್ದವನಿಗೆ ಓಡಿ ಬಂದು ಸೇರೋ ಅವಸರವೇ ಇರಲ್ಲ. "ಇಷ್ಟೆಲ್ಲ ರೂಲ್ಸ್ ಹಾಕಿದರೆ ಮಜಾ ಏನು ಮಗಾ?" ಅಂತ ಒಬ್ಬ ಸೀನಿಯರ್ ಕೇಳಿದರು. ಅವರು ಯಾವಾಗಲೂ ಮೊದಲನೇ ಬೈಕು. ಒಂದು ಸಲ ಕೊನೆಯಲ್ಲಿ ಬಂದು ನೋಡಲಿ.

ಘಾಟಿ ವಿಷಯಕ್ಕೂ ಒಂದು ಮಾತು. ಪೆಟ್ರೋಲ್ ಉಳಿಸ್ತೀವಿ ಅಂತ ಇಳಿಜಾರಿನಲ್ಲಿ ನ್ಯೂಟ್ರಲ್ ಹಾಕೋರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಬೈಕ್, ಇಬ್ಬರು ಸವಾರರು ಸೇರಿ 250 ಕೆ.ಜಿ., 500 ಮೀಟರ್ ಇಳಿತ ಅಂದುಕೊಳ್ಳಿ. ಹನ್ನೆರಡು ಲಕ್ಷ ಜೂಲ್ ಮೇಲೆ ಶಕ್ತಿ, ನಾಲ್ಕು ಲೀಟರ್ ತಣ್ಣೀರನ್ನು ಕುದಿಸುವಷ್ಟು. ಗಾಳಿಗೆ ಹೋಗೋದನ್ನು ಬಿಟ್ಟರೆ ಉಳಿದದ್ದೆಲ್ಲ ಆ ಪುಟ್ಟ ಬ್ರೇಕ್ ಶೂಗಳೇ ನುಂಗಬೇಕು. ಬಿಸಿಯಾದ ಡ್ರಮ್ ಹಿಡಿಯಲ್ಲ. ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿದರೆ ಎಂಜಿನ್ ತಡೆಯುತ್ತದೆ. ಫ್ಯುಯೆಲ್ ಇಂಜೆಕ್ಷನ್ ಬೈಕ್ ಆದರೆ ಥ್ರಾಟಲ್ ಬಿಟ್ಟು ಗೇರಿನಲ್ಲಿ ಇಳಿಯುವಾಗ ಪೆಟ್ರೋಲ್ ಪೂರೈಕೆಯೇ ನಿಂತಿರುತ್ತದೆ, ನ್ಯೂಟ್ರಲ್‌ನಲ್ಲಾದರೆ ಐಡ್ಲಿಂಗಿಗೆ ಸುರಿಯುತ್ತಾ ಇರುತ್ತದೆ. ಆ ಉಳಿತಾಯದ ಲೆಕ್ಕವೂ ಉಲ್ಟಾ!

ಹೆಲ್ಮೆಟ್ ಬಗ್ಗೆ ಉಪದೇಶ ಬೇಡ, ಓಡಿಸೋರೆಲ್ಲ ಹಾಕ್ತಾರೆ. ನಾವು ಜಗಳ ಆಡೋದು ಹಿಂದೆ ಕೂರೋರಿಗಾಗಿ. ಕರ್ನಾಟಕದಲ್ಲಿ ಅವರಿಗೂ ಕಡ್ಡಾಯ ಅಂತ ಜಾರಿಗೆ ತಂದಿದ್ದು 2016ರ ಜನವರಿಯಲ್ಲಿ. ಇವತ್ತಿಗೂ ಹಾಸ್ಟೆಲ್ಲಿನಲ್ಲಿ "ಪಿಲಿಯನ್ ಹೆಲ್ಮೆಟ್" ಅಂದರೆ ಬಕಲ್ ಕಿತ್ತುಹೋದ, ಪೊಲೀಸರಿಗೆ ತೋರಿಸೋಕಷ್ಟೇ ಇರೋ ಚಿಪ್ಪು. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ಪ್ರಕಾರ ಹೆಲ್ಮೆಟ್ ಇಲ್ಲದೆ ಸತ್ತವರು 50,029, ಅದರಲ್ಲಿ ಹಿಂದೆ ಕೂತವರೇ 14,337. ಒಳಗಿನ ಥರ್ಮಾಕೋಲ್‌ನಂಥ ಪದರ ಮಾಡೋ ಕೆಲಸ ಒಂದೇ, ತಾನು ಜಜ್ಜಿಹೋಗಿ ತಲೆ ನಿಲ್ಲೋ ದೂರ ಹೆಚ್ಚಿಸೋದು. ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಿತ್ತು ಅನ್ನಿ. 3 ಮಿ.ಮೀ.ನಲ್ಲಿ ನಿಂತರೆ ಸರಾಸರಿ 500 ಜಿ. ಪದರ 25 ಮಿ.ಮೀ. ಜಜ್ಜಿದರೆ 60 ಜಿ. ಬಿದ್ದ ಎತ್ತರವನ್ನು ನಿಂತ ದೂರದಿಂದ ಭಾಗಿಸಿದರೆ ಆಯಿತು. ಚಿಪ್ಪಿನೊಳಗೆ ಆ ಪದರವೇ ಇರಲ್ಲ. ಐಎಸ್ 4151 ಅಂತ ಐಎಸ್ಐ ಗುರುತು ಇರೋ ಎರಡನೇ ಹೆಲ್ಮೆಟ್ ಇಲ್ಲದ ಬೈಕಿಗೆ ರೈಡಿನಲ್ಲಿ ಎರಡನೇ ಸೀಟೂ ಇಲ್ಲ, ಇದು ಬಳಗದ ನಿಯಮ ಆಗಲಿ. ಬಳಗದ ಫಂಡಿನಿಂದ ನಾಲ್ಕು ಹೆಲ್ಮೆಟ್ ಕೊಂಡಿಟ್ಟರೆ ಟೀಶರ್ಟ್ ಪ್ರಿಂಟ್ ಮಾಡಿಸೋದಕ್ಕಿಂತ ಉಪಯೋಗ. (ಟೀಶರ್ಟ್ ಕಮಿಟಿಯವರು ಕ್ಷಮಿಸಬೇಕು.)

ಇನ್ನು ಆಯುಧಪೂಜೆ. ನಮ್ಮ ಹಿರಿಯರು ವರ್ಷಕ್ಕೊಂದು ದಿನ ಉಪಕರಣಕ್ಕೆ ಅಂತಲೇ ಎತ್ತಿಟ್ಟಿದ್ದಾರೆ. ನೇಗಿಲು, ಮಗ್ಗ, ಲೇತ್ ಎಲ್ಲವನ್ನೂ ಅವತ್ತು ತೊಳೆದು, ಎಣ್ಣೆ ಹಾಕಿ, ಹರಿತ ನೋಡಿ ಆಮೇಲೆ ಕುಂಕುಮ ಇಡ್ತಾರೆ. ನಾವು ಬೈಕಿಗೆ ನೇರವಾಗಿ ಕುಂಕುಮಕ್ಕೇ ಹೋಗ್ತೀವಿ. ಹೆಡ್‌ಲೈಟ್ ಗಾಜಿನ ಮೇಲೆ ವಿಭೂತಿ, ಹ್ಯಾಂಡಲ್ಲಿಗೆ ಬಾಳೆಕಂದು, ಮುಂದಿನ ಚಕ್ರಕ್ಕೆ ತಾಗೋ ಸೇವಂತಿಗೆ ಹಾರ, ಅದೇ ವೇಷದಲ್ಲಿ ಊರೆಲ್ಲ ಒಂದು ರೌಂಡ್. ಹ್ಯಾಂಡಲ್ ಪೂರ್ತಿ ತಿರುಗುತ್ತೋ ಇಲ್ಲವೋ ಯಾರೂ ನೋಡಿರಲ್ಲ. ರಸ್ತೆ ಮಧ್ಯೆ ಒಡೆದ ಬೂದುಗುಂಬಳಕಾಯಿ ಮರುದಿನ ಬೆಳಗ್ಗೆ ಯಾರನ್ನೋ ಬೀಳಿಸುತ್ತದೆ. ದೃಷ್ಟಿ ತೆಗೆಯೋಕೆ ಒಡೆದ ಕಾಯಿ ಇನ್ನೊಬ್ಬರ ಮೊಣಕಾಲು ತೆಗೆಯೋದು ಯಾವ ಶಾಸ್ತ್ರ? ಒಡೆಯಿರಿ, ಗೋಡೆ ಪಕ್ಕ ಒಡೆಯಿರಿ, ಗುಡಿಸಿ.

ಫೈನಲ್ ಇಯರ್‌ನವರ ಬೇಸರ ನಮಗೆ ಅರ್ಥ ಆಗುತ್ತದೆ. ಅವರಿಗಿದು ಕ್ಯಾಂಪಸ್ಸಿನ ಕೊನೆಯ ಸೀಸನ್, ಚಾರ್ಮಾಡಿಯ ಫೋಟೋ ಇಲ್ಲದೆ ಹೋಗೋದು ಅಂದರೆ ಹೇಗೆ? ಚಾರ್ಮಾಡಿ ಬೇಡ ಅಂತ ನಾವು ಹೇಳ್ತಾ ಇಲ್ಲ. ಸೆಮಿಸ್ಟರ್ ರಜೆಯಲ್ಲಿ, ಪಾಚಿ ಒಣಗಿದ ಮೇಲೆ, ಉಜಿರೆಯಲ್ಲೋ ಧರ್ಮಸ್ಥಳದಲ್ಲೋ ಒಂದು ರಾತ್ರಿ ಉಳಿದು ಎರಡು ದಿನದ ರೈಡ್ ಆಗಿ ಮಾಡೋಣ. ಮಂಜರಾಬಾದ್ ಅಷ್ಟೇನೂ ಸಪ್ಪೆ ಜಾಗ ಅಲ್ಲ. ಹೋಗಿ ಬರೋಕೆ ನೂರು ಕಿ.ಮೀ. ಒಳಗೆ. ಟಿಪ್ಪು ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದ ಆಕಾರದ ಕೋಟೆ, ಸಿವಿಲ್‌ನವರಿಗೆ ಅರ್ಧ ದಿನದ ಸರಕು. ಏಳು ಗಂಟೆಗೆ ಮುಂಚೆ ಹೊರಡೋದು ಬೇಡ, ಸಕಲೇಶಪುರದ ಮಂಜು ಸ್ವಲ್ಪ ಕರಗಲಿ. ಮಂಜಿನಲ್ಲಿ ಸಿಕ್ಕಿಕೊಂಡರೆ ಹೈಬೀಮ್ ಹಾಕಬೇಡಿ, ಬೆಳಕು ಚದುರಿ ವಾಪಸ್ ಕಣ್ಣಿಗೇ ಬರುತ್ತದೆ.

ದಸರಾ ರಜೆಗೆ ಎಲ್ಲರೂ ಊರಿಗೆ ಹೋಗೋದರಿಂದ ಅದರ ಹಿಂದಿನ ಭಾನುವಾರ ಬೆಳಗ್ಗೆ ಎಂಟಕ್ಕೆ ಬೈಕ್ ಸ್ಟ್ಯಾಂಡಿನಲ್ಲಿ ನಮ್ಮ ಆಯುಧಪೂಜೆ. ಚೈನ್ ಸಡಿಲ ಮಾನ್ಯುಯಲ್ ಹೇಳಿದಷ್ಟಿದೆಯಾ, ಬ್ರೇಕ್ ಶೂ ಉಳಿದಿದೆಯಾ, ಟೈರ್ ಸವೆದು ಗುರುತಿನ ಉಬ್ಬಿನ ಮಟ್ಟಕ್ಕೆ ಬಂದಿದೆಯಾ, ಹಿಂದಿನ ಲೈಟ್ ಉರಿಯುತ್ತಾ, ಅಷ್ಟು ನೋಡಿ ಆಮೇಲೆ ಕುಂಕುಮ, ಕಡಲೆಪುರಿ. ಮೆಕ್ಯಾನಿಕಲ್‌ನ ಇಬ್ಬರು ಸ್ಪ್ಯಾನರ್ ಸೆಟ್ ತರ್ತಾರೆ. ಹಳೇ ಬಟ್ಟೆ, ಸೀಮೆಎಣ್ಣೆ ಅಥವಾ ಚೈನ್ ಕ್ಲೀನರ್, ಒಂದು ಹಳೇ ಟೂತ್‌ಬ್ರಷ್ ನೀವು ತನ್ನಿ. ಟೈರ್ ಪ್ರೆಶರ್ ಗೇಜ್ ಯಾರ ಹತ್ತಿರ ಇದೆ, ಗ್ರೂಪಿನಲ್ಲಿ ಹಾಕಿ. ಸ್ಪ್ಲೆಂಡರ್, ಆಕ್ಟಿವಾದವರು ಮೊದಲು ಬನ್ನಿ, ನಿಮ್ಮದನ್ನೇ ಮೊದಲು ನೋಡೋದು.