ತಕರಾರು ಮತ್ತು ಜವಾಬು

"ಎದುರು ಜವಾಬು ಕೊಡಬೇಡ!"

ಇದು ನಾನೇ ನನ್ನ ಮಗಳಿಗೆ ಹೇಳಿದ ಮಾತು. ಎಸ್ಸೆಸ್ಸೆಲ್ಸಿ ಪಾಸಾದವಳು, ಹಲಸಿಯಿಂದ ಖಾನಾಪುರದ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರುತ್ತೇನೆ ಎಂದಳು. ನಾನು ಬೇಡವೆಂದೆ. ಯಾಕೆಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ, ಆದ್ದರಿಂದಲೇ ಆ ಮಾತು ಬಾಯಿಗೆ ಬಂತು. ಆಮೇಲೆ ಮೂರು ದಿನ ನಮ್ಮ ಮನೆಯಲ್ಲಿ ಪಾತ್ರೆಗಳದ್ದೇ ಸದ್ದು.

ನಾಲ್ಕನೆಯ ದಿನ ಮದ್ರಸದ ಹುಡುಗಿಯರಿಗೆ ಪವಿತ್ರ ಕುರ್‌ಆನಿನ 58ನೆಯ ಅಧ್ಯಾಯ 'ಅಲ್ ಮುಜಾದಲ' ಕಲಿಸುತ್ತಿದ್ದೆ. ಪತಿ ಕೋಪದಲ್ಲಿ ಅಜ್ಞಾನ ಕಾಲದ ಪದ್ಧತಿಯಂತೆ "ನೀನು ನನಗೆ ತಾಯಿಯ ಬೆನ್ನಿನಂತೆ" ಎಂದುಬಿಟ್ಟಾಗ, ಖೌಲಾ(ರ) ಎಂಬ ಮಹಿಳೆ ಪ್ರವಾದಿವರ್ಯರ(ಸ) ಬಳಿಗೆ ಬಂದು ಪಟ್ಟುಬಿಡದೆ ಅಹವಾಲು ಹೇಳಿಕೊಂಡರು. ಅವರನ್ನು ಯಾರೂ 'ಎದುರು ಮಾತಾಡಬೇಡ' ಎಂದು ಸುಮ್ಮನಾಗಿಸಲಿಲ್ಲ. ಅವರ ಮಾತನ್ನು ಅಲ್ಲಾಹನು ಆಲಿಸಿದನು ಎಂದೇ ಆ ಅಧ್ಯಾಯ ಆರಂಭವಾಗುತ್ತದೆ.

ಆ ಒಂದೇ ವಚನದಲ್ಲಿ ಎರಡು ಧಾತುಗಳಿವೆ. ಒಂದು 'ಜದಲ್', ಹಗ್ಗವನ್ನು ಬಿಗಿಯಾಗಿ ಹೊಸೆಯುವುದು. ಅದರಿಂದ ವಾದಿಸುವುದು ಎಂಬ ಅರ್ಥ. ಇನ್ನೊಂದು 'ಹವ್‌ರ್', ಮರಳಿ ಬರುವುದು. ಸಂವಾದಕ್ಕೆ ಅರಬಿಯಲ್ಲಿ ಹೇಳುವ 'ಹಿವಾರ್' ಇದರಿಂದಲೇ ಬಂತು. ಆಡಿದ ಮಾತು ಇನ್ನೊಬ್ಬರನ್ನು ಮುಟ್ಟಿ ಮರಳಿ ಬಂದರೆ ಮಾತ್ರ ಸಂವಾದ.

ನಾವು ದಿನವೂ ಆಡುವ 'ತಕರಾರು' ಕೂಡಾ ಅರಬಿಯದ್ದೇ. ಅಲ್ಲಿ 'ತಕ್ರಾರ್' ಎಂದರೆ ಬರೇ ಪುನರಾವರ್ತನೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು! ಖಾನಾಪುರ ಸಂತೆಯ ಮರಾಠಿಯಲ್ಲಿ ಅದು ದೂರು, ಕನ್ನಡದಲ್ಲಿ ಆಕ್ಷೇಪ, ಜಗಳ. ನಮ್ಮ ಮನೆಯ ಜಗಳಗಳನ್ನು ನೆನಪಿಸಿಕೊಳ್ಳಿ, ಮೂಲ ಅರ್ಥ ಎಷ್ಟು ಸರಿ ಎಂದು ತಿಳಿಯುತ್ತದೆ. 'ಸವಾಲು' ಹೀಗೆಯೇ. ಅರಬಿಯಲ್ಲಿ ಅದು ಕೇವಲ ಪ್ರಶ್ನೆ. ನಮ್ಮಲ್ಲಿಗೆ ಬಂದು ತೊಡೆ ತಟ್ಟುವುದಾಯಿತು. ಮಗಳು ಕೇಳಿದ್ದು ಸವಾಲು, ನಾನು ಕೇಳಿಸಿಕೊಂಡದ್ದೂ ಸವಾಲು. ಆದರೆ ಅರ್ಥ ಮಾತ್ರ ಬೇರೆ.

ಇಂಗ್ಲಿಷಿನ ಡಯಲಾಗ್ ಗ್ರೀಕ್ ಮೂಲದ್ದು. 'ಡಿಯಾ' ಎಂದರೆ ಎರಡು ಎಂದು ಹಲವರು ತಿಳಿದಿದ್ದಾರೆ. ಅದರ ಅರ್ಥ 'ಮೂಲಕ, ಹಾದು'. 'ಲೋಗೋಸ್' ಎಂದರೆ ಮಾತು. 'ಜವಾಬ್'ನ ಧಾತುವೂ ಕೊರೆದು ಹಾದುಹೋಗುವುದನ್ನು ಸೂಚಿಸುತ್ತದೆ. ಸಮೂದ್ ಜನಾಂಗದವರು ಬಂಡೆ ಕೊರೆದ ಪ್ರಸ್ತಾಪದಲ್ಲಿ, 'ಅಲ್ ಫಜ್ರ್' ಅಧ್ಯಾಯದಲ್ಲಿ, ಅದೇ ಧಾತು ಬಂದಿದೆ. ನಮ್ಮ ಕನ್ನಡದ 'ಮಾತು' ಕೂಡಾ ಕಡಿಮೆಯದ್ದಲ್ಲ. ಅದಕ್ಕೆ ಬಳಗವಾದ ತಮಿಳಿನ 'ಮಾಟ್ರಂ' ಎಂಬ ಪದಕ್ಕೆ ಬದಲಾವಣೆ, ಮಾತು, ಉತ್ತರ ಎಂಬ ಅರ್ಥಗಳಿವೆ.

ಪದಗಳು ಬದಲಾಗುತ್ತವೆ. ಕದಂಬರ ತಾಮ್ರಶಾಸನಗಳ ಪಲಾಶಿಕೆಯೇ ಇಂದಿನ ಹಲಸಿ. ಹಳಗನ್ನಡದ ಪಾಲು ಹಾಲಾದಂತೆ 'ಪ' ಹೋಗಿ 'ಹ' ಬಂತು. ಊರಿನ ಹೆಸರೇ ಬದಲಾಗುವಾಗ ತಾಯಿಯ ಮಾತು ಬದಲಾಗಬಾರದೇ?

ಸಹೋದರಿಯರೇ, 'ಜವಾಬ್ದಾರಿ' ಎಂಬ ಪದವನ್ನು ಬಿಡಿಸಿ ನೋಡಿ. ಜವಾಬಿಗೆ ಪಾರ್ಸಿಯ 'ದಾರ್' ಸೇರಿದರೆ ಜವಾಬು ಕೊಡಬೇಕಾದವನು. ಮನೆಯ ಜವಾಬ್ದಾರಿ ಹೊತ್ತವಳು ನಾನು. ಹಾಗಾದರೆ ಜವಾಬು ಕೊಡಬೇಕಾದವಳು ಮಗಳಲ್ಲ, ನಾನು.

ಅಂದು ರಾತ್ರಿ ಅವಳ ಬಳಿ ಕುಳಿತು ನಿಜ ಹೇಳಿದೆ: "ಸಂಜೆ ಬಸ್ಸು ತಪ್ಪಿದರೆ ಎಂಬ ಭಯ, ಅಷ್ಟೇ." ಅವಳು ನಕ್ಕಳು. "ಅಷ್ಟೇ ಆದರೆ ಅಂದೇ ಹೇಳಬಹುದಿತ್ತಲ್ಲಮ್ಮಾ? ಪಕ್ಕದ ಓಣಿಯ ಇಬ್ಬರು ಬರುತ್ತಾರೆ."

ಈಗ ಮೂವರೂ ಜೊತೆಯಾಗಿ ಹೋಗುತ್ತಾರೆ. ಸಂಜೆ ಬಸ್ಸಿನ ಸದ್ದು ಕೇಳುವವರೆಗೆ ನನ್ನ ಜೀವ ಜಗಲಿಯಲ್ಲೇ ಇರುತ್ತದೆ. ಅದನ್ನೂ ಅವಳಿಗೆ ಹೇಳಿದ್ದೇನೆ.