ಯಾರ ಗೋಡೆಯ ಮಖಮಲ್ಲು?

'ಟೇಸ್ಟ್' ಅನ್ನೋ ಪದ ಕೇಳಿದರೆ ನನಗೆ ಈಗೀಗ ಮೈ ಉರಿಯುತ್ತೆ. ಒಂದೇ ವಸ್ತು ಒಬ್ಬರ ಮನೆಯಲ್ಲಿದ್ದರೆ ಅಭಿರುಚಿ, ಇನ್ನೊಬ್ಬರ ಹೋಟೆಲಿನಲ್ಲಿದ್ದರೆ ನಗೆಪಾಟಲು. ಇದಕ್ಕೆ ಫ್ಲಾಕ್ ವಾಲ್‌ಪೇಪರ್‌ಗಿಂತ ಒಳ್ಳೆಯ ಸಾಕ್ಷಿ ನನಗಂತೂ ಸಿಕ್ಕಿಲ್ಲ.

ಉಬ್ಬಿದ ಹೂಬಳ್ಳಿಗಳ ಚಿತ್ತಾರ, ಮುಟ್ಟಿದರೆ ಮಖಮಲ್ಲಿನ ಹಾಗೆ ಮೆತ್ತಗಿರೋ ಗೋಡೆ ಕಾಗದ ಇದು. ಬ್ರಿಟಿಷ್ ಅರಮನೆಗಳನ್ನು ತೋರಿಸೋ ಸಿನಿಮಾಗಳಲ್ಲಿ ನೋಡಿರುತ್ತೀರಿ. ಈಗ ಮತ್ತೆ ಫ್ಯಾಷನ್ನಿಗೆ ಬಂದಿದೆ. ಕ್ಯಾಟಲಾಗುಗಳಲ್ಲಿ ಅದರ ಪಕ್ಕ 'ಹೆರಿಟೇಜ್', 'ರಾಯಲ್' ಅನ್ನೋ ಬಿರುದುಗಳು ಬೇರೆ.

ರಾಯಲ್ಲಾ? ಇದು ಹುಟ್ಟಿದ್ದೇ ನಕಲಿಯಾಗಿ ಸ್ವಾಮಿ! ಇಟಲಿಯ ಮಖಮಲ್ಲನ್ನು ಗೋಡೆತುಂಬ ಹೊದಿಸೋದು ದುಬಾರಿ ಬಾಬತ್ತು. ಅತ್ತ ಉಣ್ಣೆಬಟ್ಟೆ ಮಾಡುವವರ ಬಳಿ ಕತ್ತರಿಸಿ ಉಳಿದ ಉಣ್ಣೆಯ ಪುಡಿ ಬೇಕಾದಷ್ಟು ಬೀಳುತ್ತಿತ್ತು. ಕಾಗದದ ಮೇಲೋ ಕ್ಯಾನ್ವಾಸಿನ ಮೇಲೋ ಅಂಟಿನಿಂದ ಚಿತ್ತಾರ ಅಚ್ಚೊತ್ತಿ, ಬಣ್ಣ ಹಾಕಿದ ಆ ಪುಡಿಯನ್ನು ಉದುರಿಸಿ, ಅಂಟದೆ ಉಳಿದದ್ದನ್ನು ಕೊಡವಿದರೆ ಮಖಮಲ್ಲಿನ ಗೋಡೆ ರೆಡಿ. ಲಂಡನ್ನಿನಲ್ಲಿ ಜೆರೋಮ್ ಲ್ಯಾನಿಯರ್ ಎಂಬಾತ 1634ರಲ್ಲೇ ಇಂಥದೊಂದು ವಿಧಾನಕ್ಕೆ ಪೇಟೆಂಟ್ ಪಡೆದಿದ್ದ.

ಆದರೆ ಈ ಕಸಕ್ಕೆ ಒಳ್ಳೆಯ ವಿಳಾಸ ಸಿಕ್ಕಿತು ನೋಡಿ. 1735ರ ಸುಮಾರಿಗೆ ವೈಟ್‌ಹಾಲ್‌ನ ಪ್ರಿವಿ ಕೌನ್ಸಿಲ್ ಕಚೇರಿಯ ಗೋಡೆಗೆ ಕಡುಗೆಂಪು ಫ್ಲಾಕ್ ಏರಿತು. ಮುಂದಿನ ಶತಮಾನದಲ್ಲಿ ವಾಸ್ತುಶಿಲ್ಪಿ ಪ್ಯೂಜಿನ್ ಬ್ರಿಟನ್ನಿನ ಸಂಸತ್ ಭವನಕ್ಕೂ ಫ್ಲಾಕ್ ವಿನ್ಯಾಸ ಮಾಡಿದ. ಆಗ ಯಾರೂ ಇದನ್ನು 'ಚೀಪ್' ಅನ್ನಲಿಲ್ಲ.

ಹಾಗಾದರೆ ಯಾವಾಗ ಅಂದರು? ಇಪ್ಪತ್ತನೇ ಶತಮಾನದಲ್ಲಿ ಉಣ್ಣೆಯ ಜಾಗಕ್ಕೆ ನೈಲಾನ್, ರೇಯಾನ್ ಬಂತು, ಬೆಲೆ ಇಳಿಯಿತು. 1960-70ರ ದಶಕಗಳ ಹೊತ್ತಿಗೆ ಇದು ಬ್ರಿಟನ್ನಿನ ಪಬ್ಬುಗಳ ಮತ್ತು 'ಇಂಡಿಯನ್' ರೆಸ್ಟೋರೆಂಟುಗಳ ಗುರುತೇ ಆಗಿಹೋಯಿತು. ಆ 'ಇಂಡಿಯನ್' ಹೋಟೆಲುಗಳಲ್ಲಿ ಬಹಳಷ್ಟನ್ನು ನಡೆಸುತ್ತಿದ್ದವರು ಈಗಿನ ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಊರು ಬಿಟ್ಟು ಬಂದು, ನಡುರಾತ್ರಿವರೆಗೆ ಅಡುಗೆಮನೆಯಲ್ಲಿ ಬೆಂದವರು. ಬಂದ ಗಿರಾಕಿಗೆ ಮರ್ಯಾದೆ ತೋರಿಸಬೇಕಲ್ಲ? ಇಂಗ್ಲಿಷರೇ ವೈಭವ ಅಂತ ಹೇಳಿಕೊಟ್ಟಿದ್ದನ್ನು ತಂದು ಅವರ ಮುಂದೆಯೇ ಅಂಟಿಸಿದರು. ಅಲ್ಲಿಂದ ಮುಂದೆ ಅದು ಜೋಕ್ ಆಯಿತು. ನಾನು ಆನ್‌ಸೈಟ್ ಅಂತ ಎರಡು ವರ್ಷ ಲಂಡನ್ನಿನಲ್ಲಿದ್ದಾಗಲೂ ಆಫೀಸಿನಲ್ಲಿ ಈ 'ಕರಿ ಹೌಸ್ ವಾಲ್‌ಪೇಪರ್' ಜೋಕು ಕೇಳಿದ್ದೇನೆ. ನಗುತ್ತಿದ್ದವರಲ್ಲಿ ನಮ್ಮ ಹುಡುಗರೂ ಇದ್ದರು.

ಹೀಗೆ ನಗಿಸಿಕೊಂಡ ಎಷ್ಟೋ ಹೋಟೆಲುಗಳು ಆ ಕಾಗದ ಕಿತ್ತು ಗೋಡೆಗೆ ಬಿಳಿ ಬಣ್ಣ ಹೊಡೆದವು. ಅಷ್ಟರಲ್ಲಿ ವಿನ್ಯಾಸಕಾರರಿಗೆ ಫ್ಲಾಕ್ ಮತ್ತೆ ನೆನಪಾಯಿತು! ಗ್ಲಾಸ್ಗೋದ ಟಿಮರಸ್ ಬೀಸ್ಟೀಸ್‌ನವರ 'ಡೆವಿಲ್ ಡಮಾಸ್ಕ್' ಫ್ಲಾಕ್ ನೋಡಿ. ಸೊಗಸಾಗಿದೆ, ಆ ಬಗ್ಗೆ ನನ್ನ ತಕರಾರಿಲ್ಲ. ತಕರಾರಿರೋದು 'ಪುನರುಜ್ಜೀವನ' ಅನ್ನೋ ಮಾತಿನ ಬಗ್ಗೆ. ಸತ್ತಿದ್ದರೆ ತಾನೇ ಬದುಕಿಸೋದು? ನೀವು ಮೂಗು ಮುರಿಯುತ್ತಿದ್ದ ಅಷ್ಟೂ ವರ್ಷ ಅದು ಆ ಹೋಟೆಲುಗಳ ಗೋಡೆ ಮೇಲೆ ಬದುಕೇ ಇತ್ತು.

"ಅಲ್ಲಪ್ಪ, ಹೋಟೆಲಿನದು ಅಗ್ಗದ ನೈಲಾನು, ಇದು ಬೇರೆ" ಅನ್ನಬಹುದು. ಅಗ್ಗದ್ದೇ ತಪ್ಪಾದರೆ ಉಣ್ಣೆಪುಡಿ ಉದುರಿಸಿದ ಮೊದಲ ಫ್ಲಾಕೂ ತಪ್ಪೇ. ನೈಲಾನು ತಪ್ಪಾದರೆ ಇವತ್ತಿನ ಸ್ಯಾಂಪಲ್ ಪುಸ್ತಕ ತಿರುವಿಹಾಕಿ, ಅಲ್ಲೂ ಅದು ಸಿಗುತ್ತೆ. ವಸ್ತು ಅದೇ, ಗೋಡೆಯ ಯಜಮಾನ ಬದಲಾಗಿದ್ದಾನೆ ಅಷ್ಟೆ.

ನಾವೇನು ಕಮ್ಮಿ? ಅಜ್ಜಿಮನೆಯ ರೆಡ್ ಆಕ್ಸೈಡ್ ನೆಲ ಹಳ್ಳಿ ಲುಕ್ಕು ಅಂತ ಅದರ ಮೇಲೆ ವಿಟ್ರಿಫೈಡ್ ಟೈಲ್ಸ್ ಹಾಕಿಸಿದೆವು. ಈಗ ಅದೇ ನೆಲಕ್ಕೆ, ಆ ಕೆಲಸ ಬಲ್ಲ ಗಾರೆಯವರು ಸಿಗದೆ ಪರದಾಡುತ್ತಿದ್ದೇವೆ. ಅಜ್ಜಿಗೆ 'ಟೇಸ್ಟ್' ಇತ್ತು ಅಂತ ಆಗ ಒಬ್ಬರಾದರೂ ಅಂದೆವಾ?

ನಿಮ್ಮ ಫ್ಲಾಟಿಗೆ ಫ್ಲಾಕ್ ಹಾಕಿಸಿ, ಬೇಡ ಅನ್ನಲ್ಲ. ಗೃಹಪ್ರವೇಶಕ್ಕೆ ಬಂದವರು ಕೇಳಿದಾಗ ಬ್ರಿಟಿಷ್ ಅರಮನೆಯ ಕಥೆಯ ಜೊತೆ ಸಿಲ್ಹೆಟ್ಟಿನ ಅಡುಗೆಯವರ ಕಥೆಯನ್ನೂ ಹೇಳಿ. ಅದನ್ನು ಹೇಳೋಕೆ ನಾಚಿಕೆಯಾದರೆ, ದಯವಿಟ್ಟು ಪೇಂಟ್ ಹೊಡೆಸಿ.