ನಾಲ್ಕು ವರ್ಷದ ಮೇಷ್ಟ್ರು, ಒಂದು ವರ್ಷದ ಮೇಷ್ಟ್ರು

ಕಳೆದ ಭಾನುವಾರ ಪಾಂಡವಪುರದಿಂದ ನನ್ನ ಅಕ್ಕನ ಮಗ ತನ್ನ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದಿದ್ದ. ಹುಡುಗಿ ದ್ವಿತೀಯ ಪಿಯುಸಿ, ವಿಜ್ಞಾನ ವಿಭಾಗ. ಕಾಫಿ ಲೋಟ ಕೆಳಗಿಡುವ ಮೊದಲೇ ಅವನು ವಿಷಯಕ್ಕೆ ಬಂದ. "ಮಾವ, ನೀವಾದರೂ ಇವಳಿಗೆ ಬುದ್ಧಿ ಹೇಳಿ. ಇಂಜಿನಿಯರಿಂಗ್ ಬೇಡವಂತೆ. ಮೈಸೂರಿನಲ್ಲಿ ಬಿ.ಎಸ್ಸಿ., ಬಿ.ಎಡ್. ಎರಡೂ ಒಟ್ಟಿಗೇ ಆಗುವ ನಾಲ್ಕು ವರ್ಷದ ಕೋರ್ಸು ಇದೆಯಂತೆ. ಅದಕ್ಕೇ ಸೇರುತ್ತೇನೆ, ಟೀಚರಾಗುತ್ತೇನೆ ಎಂದು ಹಟ ಹಿಡಿದಿದ್ದಾಳೆ." ಮೂವತ್ತಾರು ವರ್ಷ ಸೀಮೆಸುಣ್ಣ ಹಿಡಿದವನ ಎದುರಿನಲ್ಲೇ ಅದೊಂದು ಕಾಯಿಲೆಯೆಂಬಂತೆ ಹೇಳುತ್ತಿದ್ದೇನೆಂಬುದು ಅವನಿಗೆ ಹೊಳೆಯಲಿಲ್ಲ. ನಾನೂ ನೆನಪಿಸಲಿಲ್ಲ. ಅಂದು ಅರ್ಧ ಮಾತು ಹೇಳಿ ಕಳುಹಿಸಿದೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರ ಮನೆಯಲ್ಲಿ ಈಗ ಇದೇ ವಯಸ್ಸಿನ ಮಕ್ಕಳಿರುವುದರಿಂದ ಉಳಿದರ್ಧವನ್ನು ಇಲ್ಲಿ ಬರೆಯುತ್ತಿದ್ದೇನೆ.

ಈ ನಾಲ್ಕು ವರ್ಷದ ಶಿಕ್ಷಣವು ಹೊಸದೆಂದು ಬಹಳ ಮಂದಿ ತಿಳಿದಿದ್ದಾರೆ. ನಮ್ಮ ಊರಿನಿಂದ ಹದಿನೈದು ಕಿಲೋಮೀಟರು ದೂರದಲ್ಲೇ ಅದಕ್ಕೆ ಅರವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಎನ್.ಸಿ.ಇ.ಆರ್.ಟಿ.ಯು 1963ರಲ್ಲಿ ಅಜ್ಮೇರ್, ಭೋಪಾಲ್, ಭುವನೇಶ್ವರ, ಮೈಸೂರು ಈ ನಾಲ್ಕು ಕಡೆ ಪ್ರಾದೇಶಿಕ ಶಿಕ್ಷಣ ಕಾಲೇಜುಗಳನ್ನು ಸ್ಥಾಪಿಸಿತು. ಮಾನಸಗಂಗೋತ್ರಿಯಲ್ಲಿರುವ ಮೈಸೂರಿನ ಕಾಲೇಜು ದಕ್ಷಿಣದ ರಾಜ್ಯಗಳಿಗೆಲ್ಲ ಸೇರಿದ್ದು. ಅದಕ್ಕೆ ಹೊಂದಿಕೊಂಡೇ ಒಂದು ಶಾಲೆಯೂ ಇದೆ. ಈಗ ಅದು ಪ್ರಾದೇಶಿಕ ಶಿಕ್ಷಣ ಸಂಸ್ಥೆಯಾಗಿದ್ದರೂ ನಮ್ಮ ಕಾಲದವರ ಬಾಯಲ್ಲಿ ಇಂದಿಗೂ ರೀಜನಲ್ ಕಾಲೇಜೇ.

ನನ್ನ ಗೆಳೆಯನೊಬ್ಬ 1977ರಲ್ಲಿ ಪಿಯುಸಿ ಮುಗಿಸಿ ಅಲ್ಲಿಗೆ ಸೇರಿದ. ನಾನು ಬಿ.ಎಸ್ಸಿ.ಗೆ ಸೇರಿ, ಶ್ರೀರಂಗಪಟ್ಟಣದಿಂದ ಮೈಸೂರಿಗೆ ದಿನವೂ ಮೀಟರ್‌ಗೇಜ್ ರೈಲಿನಲ್ಲಿ ಓಡಾಡತೊಡಗಿದೆ. "ಮೇಷ್ಟ್ರಾಗುವುದಕ್ಕೆ ನಾಲ್ಕು ವರ್ಷ ಬೇಕೇನಯ್ಯಾ" ಎಂದು ನಾವೆಲ್ಲ ಅವನನ್ನು ಗೇಲಿ ಮಾಡುತ್ತಿದ್ದೆವು. ಪದವಿ ಮುಗಿಸಿ ಎಲ್ಲಿಯೂ ಕೆಲಸ ಸಿಗದೆ ಒಂದು ವರ್ಷ ಕಳೆದ ಮೇಲೆ, ಬೇರೆ ದಾರಿ ತೋರದೆ, ನಾನು ಒಂದು ವರ್ಷದ ಬಿ.ಎಡ್. ಮಾಡಿದೆ. ಹೆಚ್ಚಿನವರು ಶಿಕ್ಷಕರಾದದ್ದು ಹೀಗೆಯೇ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ.

ಆ ಒಂದು ವರ್ಷದಲ್ಲಿ ಕಲಿತದ್ದೇನು? ಹರ್ಬಾರ್ಟನ ಪಂಚಸೋಪಾನ, ಮೈಕ್ರೋ ಟೀಚಿಂಗು, ಬಣ್ಣಬಣ್ಣದ ಚಾರ್ಟು, ಗೆರೆ ಹಾಕಿದ ಪಾಠಯೋಜನೆಯ ಪುಸ್ತಕ. ಎರಡು ವಿಷಯಗಳಿಗೆ ಇಪ್ಪತ್ತಿಪ್ಪತ್ತು ಪಾಠ. ಅಭ್ಯಾಸಬೋಧನೆಗೆ ಹೋದ ಶಾಲೆಯ ಮಕ್ಕಳಿಗೆ ನಮ್ಮ ಕಷ್ಟ ಚೆನ್ನಾಗಿ ತಿಳಿದಿತ್ತು. ಹಿಂದಿನ ಬೆಂಚಿನಲ್ಲಿ ಅಧ್ಯಾಪಕರು ಬಂದು ಕುಳಿತರೆಂದರೆ ಕೈ ಎತ್ತಿ ಉತ್ತರ ಹೇಳಿ ನಮ್ಮನ್ನು ದಾಟಿಸುತ್ತಿದ್ದರು. ಪುಣ್ಯವಂತ ಮಕ್ಕಳು. ನನಗೆ ಪ್ರಥಮ ದರ್ಜೆ ಬಂತು.

1984ರಲ್ಲಿ ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವಿಜ್ಞಾನ ಶಿಕ್ಷಕನಾಗಿ ಸೇರಿದೆ. ಉಪನಾಲೆಯ ಕೊನೆಯಲ್ಲಿದ್ದ ಊರದು. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ. ಒಂದರ ಹಿಂದೆ ಒಂದರಂತೆ ಜೋಡಿಸಿದ ಎರಡು ಬಲ್ಬುಗಳ ಚಿತ್ರವನ್ನು ಹಲಗೆಯ ಮೇಲೆ ಬರೆದು, ಎರಡರಲ್ಲಿಯೂ ಒಂದೇ ಪ್ರಮಾಣದ ವಿದ್ಯುತ್ ಹರಿಯುತ್ತದೆ ಎಂದು ಹೇಳಿದೆ. ಹಿಂದೆ ಕುಳಿತಿದ್ದ ಒಬ್ಬ ಹುಡುಗ ಎದ್ದು ನಿಂತು, "ಸಾ, ಮೊದ್ಲು ಬಲ್ಬು ಕುಡುದ್ಮೇಲೆ ಎರಡ್ನೇದ್ಕೆ ಕಮ್ಮಿ ಆಗ್ಬೇಕಲ್ವಾ ಸಾ? ನಾಲೆ ನೀರು ನಮ್ಮ್ ಗದ್ದೇಗ್ ಬರೋ ಹೊತ್ಗೆ ಆಗಲ್ವಾ, ಹಂಗೆ" ಎಂದ.

ಇಂಥ ಪ್ರಶ್ನೆಗಾಗಿ ಶಿಕ್ಷಕನಾದವನು ವರ್ಷಗಟ್ಟಲೆ ಕಾಯಬೇಕು. ಮೇಲಿನ ಗದ್ದೆಯವರು ತೂಬು ಎತ್ತಿಕೊಂಡರೆ, ನೀರುಗಂಟಿಯ ಕೈಕಾಲು ಹಿಡಿದರೂ ತನ್ನ ಅಪ್ಪನ ಗದ್ದೆಗೆ ನೀರು ಬರುವುದಿಲ್ಲವೆಂಬುದನ್ನು ಕಣ್ಣಾರೆ ಕಂಡ ಹುಡುಗ ಅದೇ ತರ್ಕವನ್ನು ತಂತಿಗೆ ಅನ್ವಯಿಸಿದ್ದ. ನಾನು ಮಾಡಿದ್ದೇನು? "ಪುಸ್ತಕದಲ್ಲಿ ಇರುವುದನ್ನು ಬರೆದುಕೊಳ್ಳೋ, ಗದ್ದೆ ಪುರಾಣ ಬೇಡ" ಎಂದು ಗದರಿದೆ. ತರಗತಿ ನಕ್ಕಿತು. ಆ ವರ್ಷವಿಡೀ ಅವನು ಮತ್ತೆ ಬಾಯಿ ಬಿಡಲಿಲ್ಲ.

ನಿಜವಾಗಿ ನನಗೆ ಉತ್ತರ ಹೊಳೆದಿರಲಿಲ್ಲ. ಸೂತ್ರ ಗೊತ್ತಿತ್ತು, ಲೆಕ್ಕ ಬರುತ್ತಿತ್ತು. ಆದರೆ ಅದು ಏಕೆ ಅರ್ಥವಾಗುವುದಿಲ್ಲ ಎಂಬುದು ಗೊತ್ತಿರಲಿಲ್ಲ.

ಅದೇ ವರ್ಷ ದಸರಾ ರಜೆಯಲ್ಲಿ ಗೆಳೆಯ ಸಿಕ್ಕಿದಾಗ ಈ ಪ್ರಸಂಗವನ್ನು ತಮಾಷೆಯಾಗಿ ಹೇಳಿದೆ. ಅವನು ನಗಲಿಲ್ಲ. ರೀಜನಲ್ ಕಾಲೇಜಿನಲ್ಲಿ ವಿದ್ಯುತ್ತಿನ ಪಾಠ ಓದುತ್ತಿದ್ದಾಗ ಅವನಿಗೂ ಇದೇ ಸಂದೇಹ ಬಂದಿತ್ತಂತೆ. ಅದೇ ದಿನಗಳಲ್ಲಿ ಬೋಧನಾ ವಿಧಾನದ ತರಗತಿಯಲ್ಲಿ, ಮಕ್ಕಳಿಗೆ ಇದು ಏಕೆ ತೊಡಕು ಎಂಬ ಚರ್ಚೆಯೂ ನಡೆದಿತ್ತಂತೆ. ಮುಂದೆ ಪಕ್ಕದ ಶಾಲೆಯಲ್ಲಿ ಪಾಠ ಮಾಡುವಾಗ, ಒಂದೇ ಬಗೆಯ ಎರಡು ಟಾರ್ಚು ಬಲ್ಬುಗಳನ್ನು ಜೋಡಿಸಿ, ಯಾವುದು ಹೆಚ್ಚು ಉರಿಯುತ್ತದೆಂದು ಮಕ್ಕಳಿಂದಲೇ ಮೊದಲು ಹೇಳಿಸಿ, ಆಮೇಲೆ ಹೊತ್ತಿಸಿದನಂತೆ. ಎರಡೂ ಸಮನಾಗಿ ಉರಿದವು. ಬಲ್ಬು ತೆಗೆದುಕೊಳ್ಳುವುದು ಶಕ್ತಿಯನ್ನೇ ಹೊರತು ಹರಿಯುವ ವಿದ್ಯುತ್ತನ್ನಲ್ಲ. ತಂತಿಯದು ತುದಿಯಲ್ಲಿ ಬತ್ತುವ ನಾಲೆಯಲ್ಲ, ಸುತ್ತಿ ಮರಳುವ ದಾರಿ.

ನಾಲ್ಕು ವರ್ಷದ ಕ್ರಮದ ಹಿರಿಮೆ ನನ್ನ ದೃಷ್ಟಿಯಲ್ಲಿ ಇಲ್ಲಿದೆ. ಒಂದು ವರ್ಷದ ಉಳಿತಾಯದ ಲೆಕ್ಕವನ್ನೇ ಎಲ್ಲರೂ ಹೇಳುತ್ತಾರೆ. 2015ರಿಂದ ಬಿ.ಎಡ್. ಎರಡು ವರ್ಷವಾಗಿದೆ, ಮೂರು ವರ್ಷದ ಪದವಿಯೂ ಸೇರಿ ಐದಾಗುವುದು ನಾಲ್ಕರಲ್ಲಿ ಮುಗಿಯುತ್ತದೆ, ಸರಿ. ಆದರೆ ಅದು ಗೌಣ. ನಾವು ವಿಷಯವನ್ನು ಕಲಿತು ಮುಗಿಸಿ, ಕಲಿಯುವಾಗ ಪಟ್ಟ ಪಾಡನ್ನೂ ಮರೆತು, ಆಮೇಲೆ ಕಲಿಸುವುದನ್ನು ಕಲಿಯಲು ಹೋದವರು. ಅವರಿಗೆ ತಾವು ಎಡವಿದ ಕಲ್ಲು ಇನ್ನೂ ಕಾಲಿಗೆ ನೋಯುತ್ತಿರುವಾಗಲೇ, ಮಕ್ಕಳು ಎಲ್ಲಿ ಎಡವುತ್ತಾರೆಂಬ ಪಾಠ ಸಿಗುತ್ತದೆ. ಪಕ್ಕದಲ್ಲೇ ನಿಜವಾದ ಮಕ್ಕಳ ಶಾಲೆಯೊಂದಿದ್ದರೆ ಮಾತ್ರ ಎಂಬ ಮಾತನ್ನು ಇಲ್ಲಿ ಸೇರಿಸಲೇಬೇಕು.

ಏಕೆಂದರೆ ಈಗ ಈ ಕ್ರಮವನ್ನು ದೇಶಕ್ಕೆಲ್ಲ ಹರಡುವ ಕೆಲಸ ನಡೆದಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 2030ರ ಹೊತ್ತಿಗೆ ಶಿಕ್ಷಕರ ಕನಿಷ್ಠ ಅರ್ಹತೆ ನಾಲ್ಕು ವರ್ಷದ ಸಂಯೋಜಿತ ಬಿ.ಎಡ್. ಆಗಬೇಕೆನ್ನುತ್ತದೆ. 2021ರಲ್ಲಿ ಐ.ಟಿ.ಇ.ಪಿ. ಎಂಬ ಹೆಸರಿನಲ್ಲಿ ಅಧಿಸೂಚನೆ ಹೊರಟು, 2023-24ರಿಂದ ಆಯ್ದ ಸಂಸ್ಥೆಗಳಲ್ಲಿ ಆರಂಭವಾಯಿತು. ಪ್ರವೇಶ ಪರೀಕ್ಷೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಹಳ್ಳಿಯ ಮಕ್ಕಳಿಗೆ ಇದು ದೊಡ್ಡ ಅನುಕೂಲ. ನ್ಯಾಯಮೂರ್ತಿ ವರ್ಮಾ ಆಯೋಗದ 2012ರ ವರದಿಯನ್ನು ಆಧರಿಸಿ ಅದೇ ನೀತಿಯು, ಶಿಕ್ಷಕರ ತರಬೇತಿಗೆಂದೇ ಇರುವ ಹತ್ತು ಸಾವಿರಕ್ಕೂ ಹೆಚ್ಚು ಸಂಸ್ಥೆಗಳಲ್ಲಿ ಬಹುಪಾಲು ಪದವಿಗಳನ್ನು ಮಾರುತ್ತಿವೆ ಎಂದು ಒಪ್ಪಿಕೊಂಡಿದೆ. ಎರಡು ವರ್ಷದ ಪದವಿಯನ್ನು ಮಾರಿದವರು ನಾಲ್ಕು ವರ್ಷದ್ದನ್ನು ಮಾರಲಾರರೆ? ಕಟ್ಟಡ, ಪುಸ್ತಕ, ಹಾಜರಿ ಎಲ್ಲವೂ ಇದ್ದು ಮಕ್ಕಳೊಡನೆ ಒಡನಾಟ ಮಾತ್ರ ಇಲ್ಲದಿದ್ದರೆ ಚಾರ್ಟುಗಳ ಸಂಖ್ಯೆ ಇಮ್ಮಡಿಯಾದೀತು, ಅಷ್ಟೆ.

ಇನ್ನೊಂದು ಮಾತು. ಹದಿನೇಳನೆಯ ವಯಸ್ಸಿಗೆ ಬದುಕಿನ ದಾರಿಯನ್ನು ತೀರ್ಮಾನಿಸುವುದು ಎಲ್ಲರಿಗೂ ಸಾಧ್ಯವಿಲ್ಲ. ನನ್ನಂತೆ ತಡವಾಗಿ, ಗತಿಯಿಲ್ಲದೆ ಬಂದವರಲ್ಲಿಯೂ ಒಳ್ಳೆಯ ಶಿಕ್ಷಕರಾದವರನ್ನು ಕಂಡಿದ್ದೇನೆ. ಪದವಿ ಮುಗಿಸಿ ಬರುವವರಿಗೆ ಎರಡು ವರ್ಷದ, ಸ್ನಾತಕೋತ್ತರ ಪದವೀಧರರಿಗೆ ಒಂದು ವರ್ಷದ ಬಿ.ಎಡ್. ಇರಲಿ ಎಂದು ಅದೇ ನೀತಿ ಹೇಳಿರುವುದು ನನಗೆ ಸಮಾಧಾನ ತಂದಿದೆ. ಆ ಬಾಗಿಲನ್ನು ಮುಚ್ಚಬಾರದು.

ಗೆಳೆಯನ ಪಾಡನ್ನೂ ಹೇಳಿಬಿಡುತ್ತೇನೆ. ಒಂದು ಕಚೇರಿಯಲ್ಲಿ ದಾಖಲೆ ಪರಿಶೀಲನೆಗೆ ಹೋದಾಗ ಗುಮಾಸ್ತರು "ಬಿ.ಎಸ್ಸಿ. ಸರ್ಟಿಫಿಕೇಟು ಎಲ್ಲಿ, ಬಿ.ಎಡ್. ಸರ್ಟಿಫಿಕೇಟು ಎಲ್ಲಿ, ಎರಡೂ ಬೇರೆ ಬೇರೆ ಕೊಡಿ" ಎಂದರಂತೆ. ಎರಡಕ್ಕೂ ಸೇರಿ ಇರುವುದು ಒಂದೇ ಹಾಳೆ ಎಂದು ವಿವರಿಸಲು ಮೂರು ಸಲ ಅಲೆದ. ನಮ್ಮ ಹುಡುಗಿ ಸೇರುವುದಾದರೆ ಪಠ್ಯಕ್ರಮದ ಪ್ರತಿಯನ್ನೂ ಅಂಕಪಟ್ಟಿಗಳನ್ನೂ ಮೊದಲ ದಿನದಿಂದಲೇ ಜೋಪಾನ ಮಾಡಿಟ್ಟುಕೊಳ್ಳಲಿ.

ಸೇರಲಿ ಎಂದೇ ನನ್ನ ಅಭಿಪ್ರಾಯ. ಮುಂದಿನ ವಾರ ಅವಳನ್ನು ಮಾನಸಗಂಗೋತ್ರಿಗೆ ಕರೆದುಕೊಂಡು ಹೋಗುವವನಿದ್ದೇನೆ. ಅಳಿಯನೂ ಬರುತ್ತೇನೆಂದಿದ್ದಾನೆ, ಮುಖ ಇನ್ನೂ ಗಂಟಿಕ್ಕಿಕೊಂಡೇ ಇದೆ.

ಭಾನುವಾರ ಬಲ್ಬಿನ ಕಥೆಯನ್ನು ಹೇಳಿದಾಗ ಹುಡುಗಿ ಕೇಳಿದಳು: "ತಾತ, ಆಮೇಲೆ ಆ ಹುಡುಗನಿಗೆ ಉತ್ತರ ಹೇಳಿದಿರಾ?" ಹೇಳಲಿಲ್ಲ. ರಜೆ ಮುಗಿಸಿ ಎರಡು ಟಾರ್ಚು ಬಲ್ಬುಗಳನ್ನು ಜೇಬಿನಲ್ಲಿಟ್ಟುಕೊಂಡೇ ಶಾಲೆಗೆ ಹೋಗಿದ್ದೆ. ಪಾಠ ಮುಂದೆ ಹೋಗಿತ್ತು, ಹಿಂದಕ್ಕೆ ಹೋಗಿ ತಪ್ಪೊಪ್ಪಿಕೊಳ್ಳಲು ಇಪ್ಪತ್ತನಾಲ್ಕರ ಹರೆಯದ ಮೇಷ್ಟ್ರಿಗೆ ಬಿಗುಮಾನ ಅಡ್ಡಬಂತು. ಮರುವರ್ಷದ ತರಗತಿಗೆ ಅವನ್ನು ಹೊತ್ತಿಸಿ ತೋರಿಸಿದೆ. ಅಷ್ಟರಲ್ಲಿ ಅವನು ಶಾಲೆ ಬಿಟ್ಟು ಹೋಗಿದ್ದ. 1984-85ರ ಆ ತಂಡದವರು ಯಾರಾದರೂ ಇದನ್ನು ಓದುತ್ತಿದ್ದು, ಅವನ ಗುರುತು ಇದ್ದರೆ, ಎರಡೂ ಬಲ್ಬು ಒಂದೇ ಸಮ ಉರಿಯುತ್ತವೆ, ಏಕೆಂದು ಕೇಳಲು ಒಮ್ಮೆ ಮನೆಗೆ ಬರಬೇಕಂತೆ ಎಂದು ಅವನಿಗೆ ತಿಳಿಸಿ.